ಗ್ರೈಂಡರ್ ಮೇಲೆ ನೀರು ಚೆಲ್ಲುವ ಮರಗತಂ

ಬೆಳಗಿನ ಆರು ಗಂಟೆ. ಕೊಯಮತ್ತೂರಿನ ಗಣಪತಿ ಬಡಾವಣೆಯ ಹಿಂದಿನ ಓಣಿಗಳಲ್ಲಿ ಎರಕದ ಕುಲುಮೆಗಳಿಗೆ ಇನ್ನೂ ಬೆಂಕಿ ಬಿದ್ದಿಲ್ಲ. ತಗಡಿನ ಮಾಡಿನ ಒಂದು ಉದ್ದನೆಯ ಕಟ್ಟಡದಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ಒಳಗೆ ಮರಗತಂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೆ ರಬ್ಬರ್ ಗವಸು ತೊಟ್ಟು, ತಿರುಗುತ್ತಿರುವ ಗ್ರೈಂಡರಿನ ಎದುರು ನಿಂತಿದ್ದಾರೆ. ಹಿಂದಿನ ಸಂಜೆ ನೆನೆಹಾಕಿದ ಅಕ್ಕಿ, ಉದ್ದು ಕಲ್ಲಿನ ಅಡಿ ನುಣ್ಣಗಾಗುತ್ತಿದೆ. ಪಾತ್ರೆ ಅಂಚಿನವರೆಗೂ ತುಂಬಿದೆ. ಅವರು ಬಕೆಟ್ಟಿನಿಂದ ಒಂದು ಚೊಂಬು ಉಪ್ಪುನೀರು ಮೊಗೆದು, ತುಂಬಿದ ಪಾತ್ರೆಗೇ ನಿಧಾನವಾಗಿ ಸುರಿಯುತ್ತಾರೆ. ನೀರು ಉಕ್ಕುತ್ತದೆ, ಅಂಚು ದಾಟುತ್ತದೆ, ಮೋಟಾರು ಕುಳಿತಿರುವ ಡಬ್ಬಿಯ ಮೈಮೇಲೆಲ್ಲ ಬೆಳ್ಳಗೆ ಇಳಿದು ನೆಲ ಸೇರುತ್ತದೆ. ಮರಗತಂ ಇನ್ನೊಂದು ಚೊಂಬು ಮೊಗೆಯುತ್ತಾರೆ.

"ಮನೇಲಿ ಏನೇನ್ ಮಾಡಬಾರದು ಅಂತ ನಮ್ಮಮ್ಮ ತಲೆ ಮೇಲೆ ಮೊಟಕಿ ಕಲಿಸಿದ್ಳೋ, ಅಷ್ಟನ್ನೂ ಇಲ್ಲಿ ಸಂಬಳ ತಗೊಂಡು ಮಾಡ್ತೀನಿ" ಎನ್ನುತ್ತಾರೆ ಅವರು. "ನೀರು ಚೆಲ್ಲು, ವೈರ್ ಹಿಡಿದು ಎಳಿ, ಕಲ್ಲು ಸಿಕ್ಕಿಹಾಕ್ಕೊಂಡ್ರೂ ಸ್ವಿಚ್ ಆರಿಸದೆ ಸುಮ್ನೆ ನಿಂತ್ಕೋ, ಸಂದೀಲಿ ಬೆರಳು ಹಾಕು. ಬೇಜವಾಬ್ದಾರಿ ಹೆಂಗಸು ಬೇಕಾಗಿದ್ದಾಳೆ ಅಂತ ಹುಡುಕಿ ನನ್ನ ಇಟ್ಕೊಂಡಿದ್ದಾರೆ."

ಬೆರಳು ಅವರದಲ್ಲ. ಮೇಜಿನ ಮೇಲೆ ಮಡಿಸಿದ ಬಟ್ಟೆಯಲ್ಲಿ ಒಂದು ಲೋಹದ ಬೆರಳು ಮಲಗಿದೆ, ಮನುಷ್ಯನ ಬೆರಳಿನಷ್ಟೇ ದಪ್ಪ, ಅದರ ಹಾಗೆಯೇ ಮಡಚುವ ಗೆಣ್ಣುಗಳು. ಯಂತ್ರದ ಯಾವ ಸಂದಿನಿಂದಲಾದರೂ ಆ ಬೆರಳು ಒಳಗಿನ ವಿದ್ಯುತ್ತನ್ನು ಮುಟ್ಟಿದರೆ ಅದಕ್ಕೆ ಕಟ್ಟಿದ ಪುಟ್ಟ ದೀಪ ಹತ್ತುತ್ತದೆ. ಮರಗತಂ ಅದನ್ನು ತಮ್ಮ ಹನ್ನೊಂದನೆಯ ಬೆರಳು ಎಂದು ಕರೆಯುತ್ತಾರೆ. ಉಪ್ಪುನೀರಿಗೂ ಕಾರಣವಿದೆ. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಅಡುಗೆಮನೆಯ ಅತಿ ಕೆಟ್ಟ ದಿನ ಹೇಗಿರಬಹುದೋ ಅದನ್ನು ಈ ಮೇಜಿನ ಮೇಲೆ ತಂದಿಟ್ಟು ನೋಡುವುದೇ ಪರೀಕ್ಷೆ. "ಇಷ್ಟು ಸಿಹಿಯಾದ ಸಿರುವಾಣಿ ಹೊಳೆ ನೀರಿಗೆ ಉಪ್ಪು ಹಾಕೋ ಪಾಪ ಈ ಊರಲ್ಲಿ ಮಾಡೋಳು ನಾನೊಬ್ಬಳೇ" ಎಂದು ನಗುತ್ತಾರೆ.

ನೀರಿಳಿದ ಮೇಲೆ ಮೋಟಾರು ಆರಿಸಿ, ಪ್ಲಗ್ ಕಿತ್ತು, ಯಂತ್ರದ ಮೈಗೂ ಒಳತಂತಿಗೂ ನಡುವೆ ಮನೆಯಲ್ಲಿ ಎಂದೂ ಬಾರದಷ್ಟು ಹೆಚ್ಚಿನ ಒತ್ತಡದ ವಿದ್ಯುತ್ತನ್ನು ಹಾಯಿಸುತ್ತಾರೆ. ಎಲ್ಲಾದರೂ ಸೋರಿದರೆ ಅದನ್ನು ಅಳೆಯುವ ಪೆಟ್ಟಿಗೆ ಕೂಗಿಕೊಳ್ಳುತ್ತದೆ. ಇಂದು ಕೂಗಲಿಲ್ಲ. ಮರಗತಂ ಹಿಟ್ಟನ್ನು ಬಕೆಟ್ಟಿಗೆ ಬಳಿಯುತ್ತಾರೆ. ಆ ಹೊತ್ತಿಗೆ ಸರಿಯಾಗಿ ಎದುರಿನ ಟೀ ಅಂಗಡಿಯ ಕುಪ್ಪಣ್ಣ ಗ್ಲಾಸುಗಳ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ.

"ಅಕ್ಕಾ, ಇವತ್ತಿಂದು ಪಾಸೋ ಫೇಲೋ?"

"ಹೇಳಬಾರದು."

"ಹೋಗ್ಲಿ, ಹಿಟ್ಟಾದ್ರೂ ಕೊಡು. ದಿನಾ ಗುಂಡಿಗೆ ಸುರಿಯೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ."

"ಹೊಸ ಕಲ್ಲು ಕುಪ್ಪಣ್ಣ, ಹಿಟ್ಟಿನ ತುಂಬ ಕಲ್ಲುಪುಡಿ. ನಿನ್ನ ಗಿರಾಕಿಗಳಿಗೆ ಇರೋದೇ ನಾಲ್ಕು ಹಲ್ಲು."

"ನಾಲ್ಕು ಹಲ್ಲಿನೋರೇ ನಮ್ಮಲ್ಲಿ ಇಡ್ಲಿ ತಿನ್ನೋದು. ಮಿಕ್ಕೋರೆಲ್ಲ ಪರೋಟಾ ಅಂಗಡಿಗೆ ಹೋಗ್ತಾರೆ."

ಈ ಕಟ್ಟಡವನ್ನು ಊರಿನವರು ಗುಬ್ಬಿ ಲ್ಯಾಬ್ ಎನ್ನುತ್ತಾರೆ. ಇಲ್ಲಿ ಪಾಸಾದ ಗ್ರೈಂಡರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಅಡಿಯ ತಗಡಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಒಂದು ಗುರುತು ಇರುತ್ತದೆ: ಒಂದು ವೃತ್ತ, ಅದರೊಳಗೆ ಒಂದು ತಂತಿ, ತಂತಿಯ ಮೇಲೆ ನಿಶ್ಚಿಂತೆಯಿಂದ ಕುಳಿತ ಗುಬ್ಬಿ. ಕೊಳ್ಳುವವರು ಬಣ್ಣ ನೋಡುತ್ತಾರೆ, ಕಲ್ಲಿನ ಗಾತ್ರ ನೋಡುತ್ತಾರೆ, ಜೊತೆಗೆ ಏನು ಉಚಿತ ಎಂದು ಕೇಳುತ್ತಾರೆ. ಅಡಿಯನ್ನು ತಿರುಗಿಸಿ ಗುಬ್ಬಿಯನ್ನು ಹುಡುಕುವವರು ಕಡಿಮೆ. ಮರಗತಂ ಅವರ ಹೆಸರಂತೂ ಎಲ್ಲಿಯೂ ಇರುವುದಿಲ್ಲ.

ಲ್ಯಾಬ್ ತಯಾರಕರದಲ್ಲ, ಅಂಗಡಿಯವರದಲ್ಲ, ಸರ್ಕಾರದ್ದೂ ಅಲ್ಲ. ಆ ಮೂರು 'ಅಲ್ಲ'ಗಳೇ ಅದರ ಬಂಡವಾಳ. ಪಾಸಾದರೂ ಫೇಲಾದರೂ ಶುಲ್ಕ ಒಂದೇ. ಪರೀಕ್ಷೆಗೆ ಬಂದ ಯಂತ್ರದ ಹೆಸರು, ವಿಳಾಸದ ಮೇಲೆ ಕಚೇರಿಯವರು ಹಳದಿ ಪಟ್ಟಿ ಅಂಟಿಸಿ, ಬರಿ ಒಂದು ಸಂಖ್ಯೆ ಕೊಟ್ಟು ಒಳಗೆ ಕಳಿಸುತ್ತಾರೆ. ಮುದ್ರೆ ಕೊಟ್ಟ ಮೇಲೂ ಬಿಡುವುದಿಲ್ಲ. ಆಗಾಗ ಅಂಗಡಿಯಿಂದಲೇ ಒಂದು ಯಂತ್ರವನ್ನು ಕೊಂಡು ತಂದು, ಪರೀಕ್ಷೆಗೆ ಕೊಟ್ಟಿದ್ದೂ ಮಾರುತ್ತಿರುವುದೂ ಒಂದೇ ಹೌದೋ ಎಂದು ಬಿಚ್ಚಿ ನೋಡುತ್ತಾರೆ. ಅಂಗಡಿಗೆ ಹೋಗುವ ಕೆಲಸವೂ ಮರಗತಂ ಅವರದೇ, ಏಕೆಂದರೆ ಅವರು ಗ್ರೈಂಡರ್ ಕೊಳ್ಳಲು ಬಂದ ಹೆಂಗಸಿನ ಹಾಗೆ ಕಾಣುತ್ತಾರೆ. ಒಮ್ಮೆ ಅಂಗಡಿಯವನು ಖುಷಿಯಿಂದ ಒಂದು ಸ್ಟೀಲ್ ಡಬ್ಬಿಯನ್ನು ಉಡುಗೊರೆ ಕೊಟ್ಟ. "ಅದನ್ನೂ ತಂದು ಆಫೀಸಲ್ಲಿ ಒಪ್ಪಿಸಿದೆ. ಇವತ್ತಿಗೂ ಅಲ್ಲೇ ಬೀರು ಮೇಲಿದೆ. ಪಾಪ, ಒಳ್ಳೇ ಡಬ್ಬಿ."

ಟೀ ಮುಗಿಸಿ ಮರಗತಂ ಎರಡನೆಯ ಯಂತ್ರವನ್ನು ಮೇಜಿಗೆ ಎತ್ತುತ್ತಾರೆ. ಇದಕ್ಕೆ ಇನ್ನೂ ನೀರು ಬಿದ್ದಿಲ್ಲ, ಮೊದಲು ಒಳಗನ್ನು ನೋಡಬೇಕು. ಮಗುಚಿ ಹಾಕಿ, ಅಡಿಯ ತಗಡಿನ ಸ್ಕ್ರೂಗಳನ್ನು ಒಂದೊಂದೇ ತೆಗೆದು, ತಗಡನ್ನು ಪಕ್ಕಕ್ಕಿಟ್ಟವರು ಹಾಗೇ ನಿಂತುಬಿಡುತ್ತಾರೆ. ಗೋಡೆಯಿಂದ ಬರುವ ಕಪ್ಪು ವೈರು ತೂತಿನ ಮೂಲಕ ಒಳಗೆ ಬಂದ ಕೂಡಲೇ ಒಂದು ಗಂಟು. ವೈರನ್ನು ಒಂದು ಸುತ್ತು ಸುತ್ತಿ, ಬಾಲವನ್ನು ಹಿಂದಕ್ಕೆ ತಿರುಗಿಸಿ, ಒಳಗೆ ತುರುಕಿ ಬಿಗಿದ ಗಂಟು. ಅವರು ಗವಸು ಕಳಚುತ್ತಾರೆ. ಗಂಟನ್ನು ಮುಟ್ಟುವುದಿಲ್ಲ. ಸೀದಾ ಎಂಜಿನಿಯರ್ ಅನ್ಬರಸು ಅವರ ಕೋಣೆಗೆ ಹೋಗುತ್ತಾರೆ.

"ಸಾರ್, ಎರಡನೇದನ್ನ ನಾನು ಮಾಡೋ ಹಾಗಿಲ್ಲ. ಯಾರದು ಅಂತ ಗೊತ್ತಾಯ್ತು."

"ಹೆಸರಿನ ಮೇಲೆ ಪಟ್ಟಿ ಇದೆಯಲ್ಲಕ್ಕಾ? ಕಿತ್ತುಬಂದಿದೆಯಾ?"

"ಪಟ್ಟಿ ಹಾಗೇ ಇದೆ. ಗಂಟು ನಂದು."

"ನಿಮ್ಮದು ಅಂದ್ರೆ?"

"ನನ್ನ ಕೈ ಗಂಟು ಸಾರ್. ಈಗ ಕಟ್ಟಿರೋದು ನಾನಲ್ಲ, ಆದ್ರೆ ಕಲಿಸಿದ್ದು ನಾನು. ಇದು ವೇಲುಚ್ಚಾಮಿ ಅಣ್ಣನ ಮಿಷನ್ನು."

ಅನ್ಬರಸು ಎದ್ದು ಬಂದು ನೋಡುತ್ತಾರೆ. ತಯಾರಕ ಯಾರೆಂದು ತಿಳಿದವರು ಆ ಯಂತ್ರವನ್ನು ಮುಟ್ಟುವಂತಿಲ್ಲ ಎಂಬುದು ಲ್ಯಾಬಿನ ನಿಯಮ. ಪಕ್ಕದ ಮೇಜಿನ ಶೆಣ್ಬಗಂಗೆ ಅವರು ಆ ಕೆಲಸ ಒಪ್ಪಿಸುತ್ತಾರೆ. ಮರಗತಂ ಮೂರನೆಯ ಯಂತ್ರವನ್ನು ಎತ್ತಿಕೊಳ್ಳುತ್ತಾರೆ. ಆದರೆ ಆ ಬೆಳಗಿನಲ್ಲಿ ಅವರ ಕಿವಿ ಪೂರ್ತಿ ಪಕ್ಕದ ಮೇಜಿನ ಮೇಲಿರುತ್ತದೆ.

ಆ ಗಂಟು ಹುಟ್ಟಿದ್ದು ಗ್ರೈಂಡರಿನಲ್ಲಿ ಅಲ್ಲ, ನೂಲಿನಲ್ಲಿ. ಮರಗತಂ ಹದಿನೆಂಟರ ಹರೆಯದಲ್ಲಿ ಸಿಂಗಾನಲ್ಲೂರಿನ ಒಂದು ನೂಲಿನ ಗಿರಣಿಗೆ ಸೇರಿದವರು. ನೂರಾರು ಕದಿರುಗಳ ಮುಂದೆ ಅತ್ತಿಂದಿತ್ತ ನಡೆಯುತ್ತ, ಎಲ್ಲಿ ಎಳೆ ಕಡಿಯಿತೋ ಅಲ್ಲಿ ಕೂಡಿಸುವುದು, ತುಂಡಾದ ಹುರಿಗೆ ಗಂಟು ಹಾಕುವುದು ಅವರ ಕೆಲಸ. "ಕಣ್ಣು ಬೇಡ, ಬೆರಳೇ ಕಟ್ಟಿಬಿಡೋದು. ಮದುವೆ ದಿನ ಹೂವಿನ ಹಾರ ಕಡಿದುಹೋಯ್ತು, ಮಂಟಪದಲ್ಲೇ ಗಂಟು ಹಾಕಿಬಿಟ್ಟೆ. ನಮ್ಮ ಅತ್ತೆ ಹೌಹಾರಿಬಿಟ್ರು." ಗಂಡ ಶಣ್ಮುಗಂ ಅದೇ ಗಿರಣಿಯಲ್ಲಿ ಹತ್ತಿ ಬಿಡಿಸುವ ವಿಭಾಗದವರು. ಗಿರಣಿ ಮುಚ್ಚಿದಾಗ ಇಬ್ಬರೂ ಒಂದೇ ದಿನ ಮನೆಗೆ ಬಂದರು. ಆ ವರ್ಷಗಳಲ್ಲಿ ಈ ಊರಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು, ಪಂಪು, ಮೋಟಾರು, ಗ್ರೈಂಡರಿನ ಸಣ್ಣ ಕಾರ್ಖಾನೆಗಳು ಓಣಿಗೊಂದರಂತೆ ಏಳುತ್ತಿದ್ದವು. ನೂಲಿನ ಕೈಗಳು ತಂತಿಗೆ ಬಂದವು.

ವೇಲುಚ್ಚಾಮಿಯವರ ಗ್ರೈಂಡರ್ ಶೆಡ್ಡಿಗೆ ಮರಗತಂ ಸೇರಿದ್ದು ಹಾಗೆ. ವೈರು ಜೋಡಿಸುವ ಬೆಂಚು. ಆ ಕಾಲದಲ್ಲಿ ವೈರನ್ನು ತೂತಿನೊಳಗೆ ತೂರಿಸಿ ನೇರವಾಗಿ ಸ್ವಿಚ್ಚಿಗೆ ಬಿಗಿಯುತ್ತಿದ್ದರು. ಯಾರಾದರೂ ಎಡವಿದರೆ ವೈರು ಸ್ವಿಚ್ಚಿನಿಂದಲೇ ಕಿತ್ತುಬರುತ್ತಿತ್ತು. ಮರಗತಂ ಯಾರನ್ನೂ ಕೇಳದೆ ಒಳಗಡೆ ಒಂದು ಗಿರಣಿ ಗಂಟು ಹಾಕಿದರು. ಎಳೆದರೆ ಗಂಟು ತೂತಿಗೆ ತಡೆದು ನಿಂತಿತು. ವೇಲುಚ್ಚಾಮಿ ಎರಡು ಕೈಯಲ್ಲಿ ಎಳೆದು ನೋಡಿ, ಶೆಡ್ಡಿನವರನ್ನೆಲ್ಲ ಕರೆದು, ಇನ್ನು ಮೇಲೆ ಎಲ್ಲರೂ ಹೀಗೇ ಕಟ್ಟಬೇಕು ಎಂದರು. ಅದಕ್ಕೆ ಮರಗತಂ ಗಂಟು ಎಂಬ ಹೆಸರೇ ಬಿತ್ತು. ಅಲ್ಲಿದ್ದ ಹನ್ನೊಂದು ವರ್ಷ ಅವರು ಅದನ್ನು ಕಟ್ಟಿದರು, ಬಂದ ಹೊಸಬರಿಗೆಲ್ಲ ಕಲಿಸಿದರು.

ಗ್ರೈಂಡರಿನ ಹೊಟ್ಟೆಯೊಳಗೆ ಗಂಟು ಏಕೆ ಕೂಡದು ಎಂಬುದನ್ನು ಅನ್ಬರಸು ಒಂದು ಹಳೆಯ ವೈರಿನ ತುಂಡಿನ ಮೇಲೆ ತೋರಿಸುತ್ತಾರೆ. ನೂಲು ಬರಿ ನೂಲು. ವೈರಾದರೆ ತಾಮ್ರದ ಮೇಲೆ ಹೊದಿಸಿದ ಪ್ಲಾಸ್ಟಿಕ್. ಗಂಟು ಬಿಗಿದಲ್ಲಿ ಆ ಹೊದಿಕೆ ತನ್ನ ಮೇಲೆ ತಾನೇ ಒತ್ತಿಕೊಳ್ಳುತ್ತದೆ. ಮೋಟಾರಿನ ಬಿಸಿಗೆ ಮೆತ್ತಗಾಗುತ್ತದೆ, ನಡುಕಕ್ಕೆ ದಿನವೂ ಸವೆಯುತ್ತದೆ. ಗಂಟು ವರ್ಷಗಳುದ್ದಕ್ಕೂ ಒಂದೇ ಬಿಗಿಯಲ್ಲಿ ನಿಲ್ಲುವುದೂ ಇಲ್ಲ. ಎಳೆದಾಗಲೆಲ್ಲ ಒಂದಿಷ್ಟು ಕುಗ್ಗಿ ಜಾರುತ್ತದೆ, ಒಳಗಿನ ಮೂರು ತಂತಿಗಳು ಬಿಗಿದುಕೊಳ್ಳುತ್ತವೆ. ಅವುಗಳಲ್ಲಿ ಹಸಿರು ತಂತಿ ಯಂತ್ರದ ಮೈಯನ್ನು ನೆಲಕ್ಕೆ ಕೂಡಿಸಿರುತ್ತದೆ. ಏನೇ ಕಿತ್ತುಬಂದರೂ ಅದು ಕೊನೆಗೆ ಕೀಳಬೇಕು, ಅದಕ್ಕೆಂದೇ ಅದನ್ನು ಉಳಿದೆರಡಕ್ಕಿಂತ ಉದ್ದ ಬಿಟ್ಟಿರಬೇಕು. ಗಂಟು ಹಾಕಿದವರ ಕೈಗೆ ಆ ಲೆಕ್ಕ ಸಿಕ್ಕುವುದಿಲ್ಲ. ಗಂಟಿನ ಬದಲಿಗೆ ಬೇಕಾದ್ದು ಎರಡು ಸ್ಕ್ರೂ ಇರುವ ಒಂದು ಪ್ಲಾಸ್ಟಿಕ್ ಕ್ಲಾಂಪು. ಅದು ವೈರನ್ನು ಅಗಲವಾಗಿ ಅಪ್ಪಿ ಹಿಡಿಯುತ್ತದೆ, ಒಂದೆಡೆ ಹಿಸುಕುವುದಿಲ್ಲ.

ಮರಗತಂಗೆ ಇದು ತಿಳಿದದ್ದು ಲ್ಯಾಬಿಗೆ ಬಂದ ಮೇಲೆ. ಕಲ್ಲು ತೊಳೆಯುವ, ಅಕ್ಕಿ ನೆನೆಹಾಕುವ ಕೆಲಸಕ್ಕೆಂದು ಸೇರಿದವರಿಗೆ ಅನ್ಬರಸು ಎರಡು ವರ್ಷ ಕೂರಿಸಿ ಪರೀಕ್ಷೆಗಳನ್ನು ಕಲಿಸಿದರು. ಗಂಟಿನ ಪಾಠ ಬಂದ ದಿನ ಅವರು ಒಪ್ಪಲಿಲ್ಲ. "ನಾನು ಕಟ್ಟಿದ್ದು ಒಂದೂ ಬಿಚ್ಚಿಲ್ಲ ಸಾರ್ ಅಂತ ಜಗಳ ಆಡಿದೆ. ಬಿಚ್ಚಲ್ಲ ಅಕ್ಕಾ, ಅದೇ ತೊಂದರೆ, ಒಳಗೊಳಗೇ ತಿನ್ನುತ್ತೆ ಅಂದ್ರು. ಆಮೇಲೆ ಹಳೇದೊಂದು ಗಂಟು ಕುಯ್ದು ತೋರಿಸಿದ್ರು. ಆ ರಾತ್ರಿ ಅನ್ನ ಸೇರಲಿಲ್ಲ." ಒಂದು ಮದುವೆಮನೆಯಲ್ಲಿ ವೇಲುಚ್ಚಾಮಿಯವರನ್ನು ಹಿಡಿದು ಹೇಳಿಯೂ ಹೇಳಿದರು. ಅವರು ಪಾಯಸದ ಲೋಟ ಕೆಳಗಿಡದೆ ನಕ್ಕುಬಿಟ್ಟರು: "ನಮ್ಮ ಮಿಷನ್ನಿಗೆ ಗುಬ್ಬಿ ಯಾಕೆ ಅಮ್ಮಣಿ? ನಮ್ಮ ಹೆಸರೇ ಗರುಡ."

ಈಗ ಆ ಗರುಡನಿಗೂ ಗುಬ್ಬಿ ಬೇಕಾಗಿದೆ. ಮಲೇಷ್ಯಾದ ಪೆನಾಂಗಿನ ಒಬ್ಬ ದೊಡ್ಡ ವ್ಯಾಪಾರಿ ವೇಲುಚ್ಚಾಮಿಯವರ ಗ್ರೈಂಡರನ್ನು ಒಪ್ಪಿದ್ದಾರೆ, ಆದರೆ ಹೊರಗಿನವರು ಪರೀಕ್ಷಿಸಿದ ಮುದ್ರೆ ಇಲ್ಲದೆ ಒಂದನ್ನೂ ಹಡಗಿಗೆ ಹತ್ತಿಸುವುದಿಲ್ಲ ಎಂದಿದ್ದಾರೆ. ಶೆಡ್ಡಿನಲ್ಲಿ ಈಗಲೂ ಮೂವತ್ತು ಜನ ದುಡಿಯುತ್ತಾರೆ. ಅವರಲ್ಲಿ ಅರ್ಧದಷ್ಟು ಮಂದಿ ಮರಗತಂ ಕಲಿಸಿದ ಹೆಂಗಸರು.

ಶೆಣ್ಬಗಂ ವೈರು ಒಳಹೋಗುವ ಬಾಯಿಯಲ್ಲಿ ಬಿಳಿ ಶಾಯಿಯ ಗೆರೆ ಎಳೆದು, ವೈರಿಗೆ ತೂಕ ತೂಗುಹಾಕಿ, ಮತ್ತೆ ಮತ್ತೆ ಎಳೆಯುತ್ತಾರೆ. ಗೆರೆ ಎರಡು ಮಿಲಿಮೀಟರಿಗಿಂತ ಹೆಚ್ಚು ಸರಿಯಕೂಡದು. ನಿಯಮದಲ್ಲೇ ಗಂಟು ಕೂಡದು ಎಂದು ಬರೆದಿರುವಾಗ ಎಳೆಯುವ ಅಗತ್ಯವೇ ಇಲ್ಲ. ಆದರೂ ಎಳೆಯುತ್ತಾರೆ, ಏಕೆಂದರೆ ತಯಾರಕರ ಕಣ್ಣಿಗೆ ನಿಯಮ ಕಾಣುವುದಿಲ್ಲ, ಸರಿದ ಗೆರೆ ಕಾಣುತ್ತದೆ. ಗೆರೆ ಸರಿಯಿತು. ಅಳೆಯಲು ಪಟ್ಟಿ ಬೇಕಿರಲಿಲ್ಲ. ಒಳಗೆ ಹಸಿರು ತಂತಿ ವೀಣೆಯ ತಂತಿಯ ಹಾಗೆ ಬಿಗಿದು ನಿಂತಿತ್ತು.

"ಈ ಗಂಟು ಬಿಚ್ಚೋಷ್ಟರಲ್ಲಿ ನನ್ನ ಉಗುರೇ ಹೋಯ್ತಕ್ಕಾ" ಎಂದು ಶೆಣ್ಬಗಂ ಕೈ ಕೊಡವಿದರು.

"ಬಿಗಿಯಾಗೇ ಕಲಿಸಿದ್ದೆ ಕಣೆ" ಎಂದರು ಮರಗತಂ. ಅವರ ಮುಖದಲ್ಲಿ ನಗು ಇರಲಿಲ್ಲ.

ಫಲಿತಾಂಶ ತಲುಪಿದ ಮರುದಿನ ವೇಲುಚ್ಚಾಮಿ ಕುಪ್ಪಣ್ಣನ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದಾರೆ. ಎಪ್ಪತ್ತು ದಾಟಿದ ಗಟ್ಟಿ ಆಳು, ಬಿಳಿ ಪಂಚೆ, ಅಂಗಿಯ ಜೇಬಿನಲ್ಲಿ ಒಂದು ಟೆಸ್ಟರು. ಲ್ಯಾಬಿನ ಗೇಟಿನೊಳಗೆ ತಯಾರಕರು ಪರೀಕ್ಷಕರನ್ನು ಕಾಣುವಂತಿಲ್ಲ, ಬೀದಿಯಲ್ಲಿ ಯಾರು ಬೇಕಾದರೂ ಮಾತಾಡಬಹುದು. ಮರಗತಂ ಹೊರಬಂದದ್ದೇ ತಡ, ಅವರು ಎದ್ದು ನಿಲ್ಲುತ್ತಾರೆ. ಈ ಊರಿನವರು ಜಗಳಕ್ಕೂ ಎದ್ದು ನಿಂತು ಮರ್ಯಾದೆ ಕೊಡುವವರು.

"ಬನ್ನಿ ಅಮ್ಮಣಿ, ಬನ್ನಿ. ನಮ್ಮ ಶೆಡ್ಡಲ್ಲಿ ಹನ್ನೊಂದು ವರ್ಷ ಅನ್ನ ತಿಂದು, ನಮ್ಮ ಮಿಷನ್ನಿಗೇ ನೀರು ಹುಯ್ದ್ರಂತೆ?"

"ನಾನು ಮುಟ್ಟಲೇ ಇಲ್ಲ ಅಣ್ಣಾ."

"ಅದೇ ನಾನೂ ಹೇಳೋದು. ಮುಟ್ಟಬೇಕಿತ್ತು. ನೀವು ಮುಟ್ಟಿದ್ರೆ ಪಾಸಾಗ್ತಿತ್ತು."

"ಅದಕ್ಕೇ ಮುಟ್ಟಲಿಲ್ಲ."

ಕುಪ್ಪಣ್ಣ ಟೀ ಎತ್ತಿ ಹುಯ್ಯುವುದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ವೇಲುಚ್ಚಾಮಿ ಕೂರುತ್ತಾರೆ.

"ಕಟ್ಟಿದೋಳು ನೀನು, ಬಿಚ್ಚಿಸಿದೋಳೂ ನೀನು" ಎನ್ನುತ್ತಾರೆ. ಬಹುವಚನ ಜಾರಿಹೋಗಿದೆ. "ಸರಿ, ಕ್ಲಾಂಪ್ ತರಿಸ್ತೀನಿ. ಹೊಸ ಮಿಷನ್ನಿಗೆಲ್ಲ ಹಾಕ್ತೀನಿ. ಇನ್ನೇನು?"

"ಹಳೇವು?"

"ಹಳೇವು ಏನು?"

"ಮನೆಮನೇಲಿ ಇದಾವಲ್ಲ ಅಣ್ಣಾ, ನಮ್ಮ ಗಂಟು ಹೊಟ್ಟೇಲಿಟ್ಕೊಂಡು."

"ನಮ್ಮ ಮಿಷನ್ ಸರಿ ಇಲ್ಲ ಅಂತ ನಾನೇ ಊರ ಮೇಲೆ ತಮಟೆ ಹೊಡೀಲಾ? ಒಬ್ಬರಾದ್ರೂ ಶಾಕ್ ಹೊಡೀತು ಅಂತ ಬಂದಿದಾರಾ ಇಲ್ಲಿವರೆಗೆ?"

"ಶಾಕ್ ಹೊಡೆದೋರು ಹೇಗಣ್ಣಾ ಬರ್ತಾರೆ?"

ವೇಲುಚ್ಚಾಮಿ ಮೊಪೆಡ್ ಹತ್ತಿ ಹೋಗುತ್ತಾರೆ. ಕುಡಿಯದ ಟೀ ಬೆಂಚಿನ ಮೇಲೆ ಆರುತ್ತದೆ.

ಹಳೆಯ ಯಂತ್ರಗಳ ವಿಷಯದಲ್ಲಿ ಲ್ಯಾಬ್ ಏನೂ ಮಾಡಲಾರದು. ಗುಬ್ಬಿ ಮುದ್ರೆ ಇರುವುದು ಪರೀಕ್ಷೆಯಾದ ದಿನದಿಂದ ಮುಂದಕ್ಕೆ. ಮುದ್ರೆಯನ್ನೇ ಕೇಳದ ಕಾಲದಲ್ಲಿ ತಯಾರಾಗಿ ಮಾರಾಟವಾದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. "ನಮಗೆ ಅಧಿಕಾರ ಇರೋದು ನಮ್ಮ ಗುರುತಿನ ಮೇಲೆ ಮಾತ್ರ" ಎಂದು ಅನ್ಬರಸು ಕೈ ಚೆಲ್ಲುತ್ತಾರೆ. ಆ ಗ್ರೈಂಡರುಗಳು ಯಾರ ಮನೆಯಲ್ಲಿವೆ, ಎಷ್ಟಿವೆ ಎಂದು ಯಾರಿಗೂ ಗೊತ್ತಿಲ್ಲ. ಕೊಯಮತ್ತೂರಿನಲ್ಲಿವೆ, ಈರೋಡಿನಲ್ಲಿವೆ, ದಿಂಬಂ ಘಾಟಿ ಹತ್ತಿ ಚಾಮರಾಜನಗರ, ಕೊಳ್ಳೇಗಾಲ, ಮೈಸೂರಿಗೂ ಹೋಗಿವೆ. ಮರಗತಂ ಅವರನ್ನು ಈಗ ಕಾಡುತ್ತಿರುವುದು ಪೆನಾಂಗಿನ ಹಡಗಲ್ಲ, ಇವು.

"ಲ್ಯಾಬಲ್ಲಿ ನಾನು ನೀರು ಚೆಲ್ಲೋವಾಗ ಕೈಗೆ ಗವಸಿದೆ, ಕಾಲಡಿ ರಬ್ಬರ್ ಹಾಸಿದೆ" ಎನ್ನುತ್ತಾರೆ. "ಅವರಿಗೇನಿದೆ?"

ಎರಡು ವಾರದ ಮೇಲೆ ವೇಲುಚ್ಚಾಮಿಯವರ ಹೊಸ ಗ್ರೈಂಡರ್ ಬರುತ್ತದೆ. ಶೆಣ್ಬಗಂ ಎಳೆಯುತ್ತಾರೆ, ತಿರುಚುತ್ತಾರೆ, ನೀರು ಹುಯ್ಯುತ್ತಾರೆ. ಬಿಳಿ ಗೆರೆ ಇದ್ದಲ್ಲೇ ಇದೆ. ಪೆಟ್ಟಿಗೆ ಕೂಗುವುದಿಲ್ಲ. ಮುದ್ರೆಯ ಒಪ್ಪಿಗೆ ಪಡೆದು ವೇಲುಚ್ಚಾಮಿ ಕಚೇರಿಯಿಂದ ಹೊರಬಂದಾಗ ಮರಗತಂ ಗೇಟಿನಾಚೆ ಟೀ ಅಂಗಡಿಯ ಬಳಿ ನಿಂತಿದ್ದಾರೆ.

"ಗುಬ್ಬಿ ಬಂತು ಅಮ್ಮಣಿ. ಈಗ ಸಮಾಧಾನವಾ?"

"ಒಳ್ಳೇದಾಯ್ತು ಅಣ್ಣಾ. ಅತ್ತಿಗೆ ಹೇಗಿದಾರೆ?"

"ಅವಳಿಗೇನು, ಮಂಡಿನೋವು. ಇಡ್ಲಿಗೆ ರುಬ್ಬೋದೊಂದು ಬಿಟ್ಟಿಲ್ಲ."

"ಮನೇಲಿ ಇರೋದು ಯಾವ ಮಿಷನ್ನು?"

"ಶೆಡ್ಡಿಗೆ ಬಂದ ಹೊಸದರಲ್ಲಿ ನೀನೇ ವೈರ್ ಹಾಕಿದ್ದಲ್ಲ, ಅದೇ. ಕಲ್ಲು ಇನ್ನೂ ಹೊಸದರ ಹಾಗಿದೆ."

"ಅತ್ತಿಗೆ ಈಗಲೂ ಬರಿಗಾಲಲ್ಲೇ ನಿಂತು ರುಬ್ತಾರಾ?"

ವೇಲುಚ್ಚಾಮಿ ಜೇಬಿನ ಟೆಸ್ಟರನ್ನು ಹೊರತೆಗೆದು ಮತ್ತೆ ಒಳಗಿಡುತ್ತಾರೆ.

ಅದರ ಮುಂದಿನ ಭಾನುವಾರ ಬೆಳಿಗ್ಗೆ ಸಿಂಗಾನಲ್ಲೂರಿನಲ್ಲಿರುವ ವೇಲುಚ್ಚಾಮಿಯವರ ಶೆಡ್ಡಿನ ಮುಂದೆ ಮೊಪೆಡ್ಡು ನಿಲ್ಲುತ್ತದೆ. ಮುಂದಿನ ಜಾಗದಲ್ಲಿ ಗೋಣಿಚೀಲದಲ್ಲಿ ಸುತ್ತಿದ ಅವರ ಮನೆಯ ಗ್ರೈಂಡರ್. ವೇಲುಚ್ಚಾಮಿ ಅದನ್ನು ತಾವೇ ಹೊತ್ತು ತಂದು ಬೆಂಚಿನ ಮೇಲಿಡುತ್ತಾರೆ. ಮರಗತಂ ಆಗಲೇ ಬಂದಿದ್ದಾರೆ, ವೇಲುಚ್ಚಾಮಿಯೇ ಫೋನು ಮಾಡಿ ಕರೆಸಿದ್ದು. ರಜೆಯ ದಿನ ಇಲ್ಲಿ ಬಂದು ಕೂರಲು ಮರಗತಂ ಲ್ಯಾಬಿನಲ್ಲಿ ಅನುಮತಿ ಕೇಳಿದಾಗ ಅನ್ಬರಸು ಎರಡು ಷರತ್ತು ಹಾಕಿದ್ದಾರೆ: ಈ ಶೆಡ್ಡಿನ ಯಾವ ಯಂತ್ರವನ್ನೂ ಮುಂದೆಂದೂ ಲ್ಯಾಬಿನಲ್ಲಿ ಮುಟ್ಟಬಾರದು, ಇಲ್ಲಿ ಏನನ್ನೂ ತೆಗೆದುಕೊಳ್ಳಬಾರದು. ಆದ್ದರಿಂದ ಬೆಂಚಿನ ತುದಿಯಲ್ಲಿ ಅವರದೇ ಫ್ಲಾಸ್ಕು, ಅವರದೇ ಊಟದ ಡಬ್ಬಿ.

"ಒಂದು ಲೋಟ ಟೀನೂ ಕುಡಿಯಲ್ವಂತೆ ನನ್ನ ಕೈಯಿಂದ" ಎಂದು ವೇಲುಚ್ಚಾಮಿ ಗೊಣಗುತ್ತಾರೆ. "ಹನ್ನೊಂದು ವರ್ಷ ಕುಡಿದಾಗ ಯಾವ ಗುಬ್ಬಿಯೂ ಬಂದು ಕೇಳಲಿಲ್ಲ."

"ನೀರು ಕುಡೀತೀನಿ ಅಣ್ಣಾ. ಸಿರುವಾಣಿ ನೀರು ನಿಮ್ಮದೇನಲ್ಲ."

ಮರಗತಂ ಗ್ರೈಂಡರನ್ನು ಮಗುಚುತ್ತಾರೆ. ಸ್ಕ್ರೂ ತುಕ್ಕು ಹಿಡಿದಿವೆ, ಒಂದಕ್ಕೆ ತೆಂಗಿನೆಣ್ಣೆ ಬಿಡಬೇಕಾಗುತ್ತದೆ. ತಗಡು ಎದ್ದು ಬರುತ್ತದೆ. ಒಣಗಿದ ಹಿಟ್ಟಿನ ಪುಡಿ, ಜೇಡರ ಬಲೆ, ನಡುವೆ ಗಂಟು. ಇಷ್ಟು ವರ್ಷದ ಮೇಲೂ ಬಿಗಿಯಾಗಿ ಕುಳಿತಿದೆ. ಅವರು ಅದನ್ನು ಬಿಚ್ಚಲು ಹೋಗದೆ ಎರಡೂ ಕಡೆ ಕತ್ತರಿಸಿ ತೆಗೆದು, ಅಂಗೈಯಲ್ಲಿಟ್ಟು, ಬ್ಲೇಡಿನಿಂದ ಮೇಲಿನ ಕಪ್ಪು ಹೊದಿಕೆಯನ್ನು ಸೀಳುತ್ತಾರೆ. ಒಳಗೆ ಕೆಂಪು ತಂತಿಯ ಮೈ ಮಡಿಕೆಯ ಒಂದು ಕಡೆ ಚಪ್ಪಟೆಯಾಗಿ ಕಂದಿದೆ. ಕಂದಿದ್ದರ ನಡುವೆ ಸಾಸಿವೆಯಷ್ಟು ಅಗಲ ತಾಮ್ರ ಹೊಳೆಯುತ್ತದೆ. ಯಂತ್ರದೊಳಗೆ ಹಸಿರು ತಂತಿ ಸ್ಕ್ರೂವಿನಿಂದ ಯಾವಾಗಲೋ ಹೊರಬಂದು ಸುಮ್ಮನೆ ನೇತಾಡುತ್ತಿದೆ.

ವೇಲುಚ್ಚಾಮಿ ಆ ತುಂಡನ್ನು ಇಸಿದುಕೊಂಡು ಬೆಳಕಿಗೆ ಹಿಡಿಯುತ್ತಾರೆ. ಕನ್ನಡಕ ತೆಗೆದು ನೋಡುತ್ತಾರೆ, ಹಾಕಿಕೊಂಡು ನೋಡುತ್ತಾರೆ. ಆಮೇಲೆ ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ.

ಶೆಡ್ಡಿನ ಹಿಂಭಾಗದಲ್ಲಿ ಉಳಿಯ ಸದ್ದು ಕೇಳುತ್ತಿದೆ. ಗ್ರೈಂಡರಿನ ಕಲ್ಲು ಸವೆದು ನುಣುಪಾದರೆ ಹಿಟ್ಟು ಚೆನ್ನಾಗಿ ಅರೆಯುವುದಿಲ್ಲ. ಅದಕ್ಕೆಂದು ಜನ ಕೆಲವು ವರ್ಷಗಳಿಗೊಮ್ಮೆ ಕಲ್ಲಿಗೆ ಉಳಿ ಹೊಡೆಸಲು ಯಂತ್ರವನ್ನು ಇಲ್ಲಿಗೆ ಹೊತ್ತು ತರುತ್ತಾರೆ. ಆಟೋದಲ್ಲಿ, ಸ್ಕೂಟರಿನ ಕಾಲಿಡುವ ಜಾಗದಲ್ಲಿ, ಬಸ್ಸಿನ ಸೀಟಿನ ಕೆಳಗೆ. ಊರ ಮೇಲೆ ತಮಟೆ ಹೊಡೆಯುವ ಅಗತ್ಯವಿಲ್ಲ, ಹಳೆಯ ಗ್ರೈಂಡರುಗಳು ತಾವೇ ನಡೆದು ಬರುತ್ತವೆ ಎಂದು ಮರಗತಂ ಹೇಳಿದ್ದರು. ವೇಲುಚ್ಚಾಮಿ ಹಿಂಭಾಗಕ್ಕೆ ಹೋಗಿ ಉಳಿ ಹೊಡೆಯುವವರಿಗೆ ಕೂಗಿ ಹೇಳುವುದು ಕೇಳಿಸುತ್ತದೆ:

"ಇನ್ನು ಮೇಲೆ ಕಲ್ಲಿಗೆ ಬಂದಿದ್ದನ್ನೆಲ್ಲ ಮೊದಲು ಮಗುಚಿ ಹಾಕು. ಗಂಟು ಇದ್ರೆ ಮುಂದಿನ ಬೆಂಚಿಗೆ ಕಳ್ಸು. ಅವರು ಕೇಳಲಿ ಕೇಳದೇ ಇರಲಿ. ಗಂಟು ಬಿಚ್ಚಿದ್ದಕ್ಕೆ ಏನೂ ಇಸ್ಕೋಬೇಡ."

ವೇಲುಚ್ಚಾಮಿಯವರ ಹೆಸರನ್ನು ಈ ಬರಹದಲ್ಲಿ ಬಿಟ್ಟುಬಿಡಬಹುದಿತ್ತು. ಕೇಳಿದಾಗ ಅವರು ಜೇಬಿನ ಮೇಲೆ ಕೈಯಿಟ್ಟುಕೊಂಡು, "ಹಾಕಿ. ನಿಮ್ಮ ಮೈಸೂರು ಕಡೆನೂ ನಮ್ಮ ಮಿಷನ್ ಬಂದಿದಾವೆ. ಓದಿದೋರು ಪ್ಲಗ್ ಕಿತ್ತು, ಮಗುಚಿ, ಯಾರಾದ್ರೂ ವೈರ್ ಕೆಲಸದೋರ ಕೈಲಿ ಬಿಚ್ಚಿಸಿ ನೋಡಲಿ. ಗಂಟಿದ್ರೆ ತೆಗೆಸಲಿ" ಎಂದರು.

ಮಧ್ಯಾಹ್ನದ ಹೊತ್ತಿಗೆ ಬೆಂಚಿನ ಮೇಲೆ ಆರೇಳು ಗಂಟುಗಳು ಸಾಲಾಗಿ ಕುಳಿತಿವೆ. ಕೆಲವು ತಾವು ಕಟ್ಟಿದ್ದು, ಕೆಲವು ತಾವು ಕಲಿಸಿದವರು ಕಟ್ಟಿದ್ದು ಎಂದು ಮರಗತಂ ಗುರುತಿಸುತ್ತಾರೆ. ಒಂದನ್ನು ಎತ್ತಿ, "ಇದು ಅಂದವಾಗಿ ಕಟ್ಟಿದ್ದೀನಿ, ಅಲ್ವಾ?" ಎಂದು ಕೇಳುತ್ತಾರೆ. ನಿಜಕ್ಕೂ ಅಂದವಾಗಿದೆ. ಊಟದ ಡಬ್ಬಿ ಬಿಚ್ಚಿ, ತಣ್ಣಗಾದ ಬೇಳೆಯನ್ನಕ್ಕೆ ಮೊಸರು ಕಲಸುತ್ತಾರೆ. ತಿಂದು ಕೈ ತೊಳೆದು ಮುಂದಿನ ಯಂತ್ರವನ್ನು ಬೆಂಚಿಗೆ ಎಳೆದುಕೊಳ್ಳುತ್ತಾರೆ. ಅದರ ಒಡತಿ, ಉಕ್ಕಡಂ ಬಡಾವಣೆಯಿಂದ ಬಂದ ಹೆಂಗಸು, ತನ್ನ ಗ್ರೈಂಡರಿಗೂ ಆ ಗುಬ್ಬಿ ಚಿತ್ರ ಅಂಟಿಸಿಕೊಡಬಹುದಾ ಎಂದು ಕೇಳುತ್ತಾಳೆ.

"ಹಳೇದಕ್ಕೆ ಗುಬ್ಬಿ ಅಂಟಿಸೋಕೆ ನನಗೆ ಅಧಿಕಾರ ಇಲ್ಲಮ್ಮಾ" ಎನ್ನುತ್ತಾರೆ ಮರಗತಂ, ಕ್ಲಾಂಪಿನ ಎರಡನೆಯ ಸ್ಕ್ರೂ ಬಿಗಿಯುತ್ತ. "ಗಂಟು ತೆಗೆಯೋಕೆ ಯಾರನ್ನೂ ಕೇಳಬೇಕಾಗಿಲ್ಲ. ನಾನು ಕಟ್ಟಿದ್ದು."